ಉಳುವ ನೆಲ ಅವಳದು, ಪಹಣಿ ಯಾರದು?



ಧಾರವಾಡದ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ. ವಿಶ್ವಸಂಸ್ಥೆ 2026ನೇ ಇಸವಿಯನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಸಾರಿದೆ. ಸನ್ಮಾನ, ಮೆರವಣಿಗೆ ನಡೆಯಲಿ, ಸಂತೋಷ. ಭಾನುವಾರ ಬಿಡುವು ಮಾಡಿಕೊಂಡು ಹಳ್ಳಿಗೆ ಹೋಗುವ ನಿಮ್ಮಂಥ ಸ್ವಯಂಸೇವಕರಿಂದ ರೈತ ತಾಯಂದಿರಿಗೆ ನಿಜವಾಗಿ ಏನು ಆಗಬೇಕಾಗಿದೆ ಎಂಬುದನ್ನಷ್ಟೇ ನಾನು ಹೇಳಬೇಕೆಂದಿದ್ದೇನೆ.

ಮೊದಲು ಕಾಗದಪತ್ರದ ಮಾತು. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವವಳು ಹೆಣ್ಣುಮಗಳು. ಕಳೆ ತೆಗೆಯುವವಳು, ಕೊಯ್ಯುವವಳು, ತೂರಿ ಹಸನು ಮಾಡಿ ಚೀಲ ತುಂಬುವವಳೂ ಅವಳೇ. ಆದರೆ 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಮಹಿಳೆಯರ ಪಾಲು ಶೇ. 14ನ್ನು ಮುಟ್ಟಲಿಲ್ಲ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ, ಪಹಣಿ ಮಾತ್ರ ಮಾವನ ಹೆಸರಿನಲ್ಲೇ ಉಳಿದಿರುತ್ತದೆ. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲವೆಂದರೆ ಆ ಸರ್ವೆ ನಂಬರು ಅವಳ ಎಫ್‌ಐಡಿಗೆ, ಅಂದರೆ ರೈತರ ಗುರುತಿನ ಸಂಖ್ಯೆಗೆ, ಸೇರುವುದಿಲ್ಲ. ರೈತ ಸಂಪರ್ಕ ಕೇಂದ್ರದ ರಿಯಾಯಿತಿ ಬೀಜ, ಬೆಳೆಹಾನಿ ಪರಿಹಾರ, ಬೆಳೆಸಾಲ ಎಲ್ಲಕ್ಕೂ ಅಲ್ಲೇ ತಡೆ ಬೀಳುತ್ತದೆ.

ಕಾನೂನು ಅವಳ ಪರವಾಗಿಯೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಹೆಸರಿನಲ್ಲಿ ಜಮೀನಿಲ್ಲದಿದ್ದರೂ ದುಡಿಯುವ ಹೆಣ್ಣುಮಗಳನ್ನು ರೈತಳೆಂದೇ ಗುರುತಿಸಬೇಕೆಂದು ಡಾ. ಎಂ.ಎಸ್. ಸ್ವಾಮಿನಾಥನ್ ಅವರು 2012ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗದೆ ಬಿದ್ದುಹೋಯಿತು. ನನಗೆ ಇದು ಇಂದಿಗೂ ನೋವಿನ ಸಂಗತಿ.

ಸ್ವಯಂಸೇವಕರಿಗೆ ನನ್ನ ಮೊದಲ ಕೋರಿಕೆ ಇಲ್ಲಿಂದಲೇ ಹುಟ್ಟುತ್ತದೆ. ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಸುಲಭ. ಮರಣ ಪ್ರಮಾಣಪತ್ರ ಹುಡುಕುವುದು, ವಂಶವೃಕ್ಷ ಬರೆಸುವುದು, ನಾಡಕಚೇರಿಯಲ್ಲಿ ಅರ್ಜಿ ಹಾಕಿ ಸ್ವೀಕೃತಿ ಪಡೆಯುವುದು, ಸರ್ವರ್ ಇಲ್ಲವೆಂದು ವಾಪಸ್ ಕಳಿಸಿದರೆ ಅವಳ ಜೊತೆ ಮತ್ತೆ ಹೋಗುವುದು: ಇದಕ್ಕೆ ತಾಳ್ಮೆ ಬೇಕು. ನಾಡಕಚೇರಿಗಿಂತ ಕಷ್ಟದ ಜಾಗ ಮನೆಯ ಪಡಸಾಲೆ. ಮೈದುನರು, ಭಾವಂದಿರು ಒಪ್ಪಬೇಕು. ಅಲ್ಲಿ ಕಾನೂನಿನ ಪುಸ್ತಕ ಬಿಚ್ಚಿದರೆ ಮಾತು ಮುರಿಯುತ್ತದೆ. ಊರಿನ ಹಿರಿಯಳೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ, ಚಹಾ ಕುಡಿದು, ನಾಲ್ಕು ಸಲ ಎದ್ದುಬಂದು, ಐದನೆಯ ಸಲ ಮತ್ತೆ ಕೂತು ಮಾತಾಡುವವರು ಬೇಕು. ನಿವೃತ್ತ ಶಿಕ್ಷಕರು, ಕಾನೂನು ಓದುತ್ತಿರುವ ಹುಡುಗಿಯರು ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುವುದನ್ನು ನಾನು ಕಂಡಿದ್ದೇನೆ.

ಇನ್ನು ಕೃಷಿ ಶಿಕ್ಷಣ. ನಮ್ಮ ರಾಜ್ಯದಲ್ಲಿ ಕೃಷಿ ವಿಶ್ವವಿದ್ಯಾಲಯಗಳಿಗಾಗಲಿ, ಕೃಷಿ ವಿಜ್ಞಾನ ಕೇಂದ್ರಗಳಿಗಾಗಲಿ ಕೊರತೆಯಿಲ್ಲ. ತರಬೇತಿಗೆ ಬರುವವರು ಮಾತ್ರ ಹೆಚ್ಚಾಗಿ ಗಂಡಸರೇ. ಕಾರಣ ಕೇಳಿದರೆ ಕುಂದಗೋಳದ ಕಡೆಯ ಒಬ್ಬ ತಾಯಿ ನನಗೆ ಹೇಳಿದ್ದು ಇಷ್ಟು: “ಮುಂಜಾನಿ ಹನ್ನೊಂದಕ್ಕ ಕರದ್ರ ಯಾರ್ ಬರ್ತಾರ್ರಿ? ಅದು ಕಳೆ ತಗಿಯೋ ಹೊತ್ತು.” ತರಬೇತಿ ಊರಿಗೇ ಬರಬೇಕು, ಅವಳ ಹೊತ್ತಿಗೆ ನಡೆಯಬೇಕು, ಕೂಸನ್ನು ಎತ್ತಿಕೊಳ್ಳಲು ಒಬ್ಬರಿರಬೇಕು. 1980ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ನಡೆದ ವೈಟೆಪ್ ಯೋಜನೆ ರೈತ ಮಹಿಳೆಯರ ತರಬೇತಿಗೆಂದೇ ಹುಟ್ಟಿತ್ತು. ದಾರಿ ಹೊಸದೇನಲ್ಲ, ನಾವು ಬಿಟ್ಟುಬಂದದ್ದು.

ಕಲಿಸಲು ಹೋಗುವವರು ಕಲಿಯಲೂ ಸಿದ್ಧರಾಗಿ ಹೋಗಿ. ಕುಂದಗೋಳ ಸೀಮೆಯದೇ ಒಬ್ಬ ಅಜ್ಜಿ ಬಿತ್ತನೆಗೆ ಜೋಳದ ತೆನೆ ಆರಿಸುವುದನ್ನು ಕೃಷಿ ಪದವಿ ಓದುತ್ತಿರುವ ನಮ್ಮ ಸ್ವಯಂಸೇವಕಿಯ ಜೊತೆ ನಿಂತು ನೋಡಿದೆ. ಆಕೆ ಬದುವಿನ ಅಂಚಿಗೆ ಕೈಹಾಕಲಿಲ್ಲ, ನೇರ ಹೊಲದ ನಡುವಿಗೆ ಹೋದಳು. ತುದಿಯವರೆಗೆ ಕಾಳು ತುಂಬಿದ, ಒಂದೇ ಹದಕ್ಕೆ ಬಲಿತ ತೆನೆಗಳನ್ನಷ್ಟೇ ಕೊಯ್ದು ಉಡಿಗೆ ಹಾಕಿಕೊಂಡಳು. ಹುಡುಗಿ ಯಾಕೆಂದು ಕೇಳಿದಳು. “ಅಂಚಿನ ತೆನಿಗೆ ಬಾಜೂ ಹೊಲದ ಗಾಳಿ ಹತ್ತಿರ್ತೈತವಾ, ಬೀಜ ಕೆಡತೈತಿ” ಎಂದಳು ಅಜ್ಜಿ. ಬೇರೆ ತಳಿಯ ಪರಾಗ ಬೆರೆಯದಂತೆ ಅಂತರ ಕಾಯುವ ಪಾಠ ಅದು. ತರಗತಿಯಲ್ಲಿ ಅದನ್ನು ಬರೆದುಕೊಂಡಿದ್ದ ಹುಡುಗಿಗೆ ಅದರ ಅರ್ಥ ಅಲ್ಲಿ ಹೊಳೆಯಿತು. ಒಣಗಿಸಿದ ಕಾಳಿಗೆ ಜರಡಿ ಹಿಡಿದ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತುವುದನ್ನೂ ಅವಳು ಅಜ್ಜಿಯಿಂದಲೇ ಕಲಿತಳು.

ಇಂಥ ಅರಿವಿಗೆ ಬೆಂಬಲ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮವನ್ನೇ ನೋಡಿ. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ 2018ರಲ್ಲಿ ಶುರುವಾದದ್ದು. ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಿಂದ ಆ ತಾಯಂದಿರು ಬೀಜ ಬ್ಯಾಂಕ್ ಕಟ್ಟಿದರು, ಸಿರಿಧಾನ್ಯ ಸಂಸ್ಕರಣಾ ಘಟಕ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರ ಊರಿಗೆ ಬಂತು.

ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಅವರನ್ನೂ ಇಲ್ಲಿ ನೆನೆಯಬೇಕು. ದೂರದರ್ಶನದಲ್ಲಿದ್ದ ಅವರು 1983ರಲ್ಲಿ ಗೆಳೆಯರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿ, ಈಗಿನ ತೆಲಂಗಾಣದ ಜಹೀರಾಬಾದ್ ಸೀಮೆಯ ದಲಿತ ರೈತ ಮಹಿಳೆಯರ ಜೊತೆ ಬಾಳಿನ ಕೊನೆಯವರೆಗೂ ದುಡಿದರು. ಬೀಳುಬಿದ್ದ ಭೂಮಿಯಲ್ಲಿ ಆ ಹೆಂಗಸರು ಜೋಳ ಬೆಳೆದರು, ಕ್ಯಾಮೆರಾ ಹಿಡಿದರು, 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ಸಮುದಾಯ ರೇಡಿಯೊ ಶುರುಮಾಡಿದರು. ಮೈಕು ಅವರ ಕೈಯಲ್ಲೇ ಇರಬೇಕೆಂಬುದು ಸತೀಶರ ಹಟವಾಗಿತ್ತು. 2023ರಲ್ಲಿ ಅವರು ತೀರಿಕೊಂಡರು.

ಆದ್ದರಿಂದ ಈ ಸಭೆಯ ಮುಂದೆ ಎರಡು ನಿರ್ಣಯಗಳನ್ನು ಇಡುತ್ತಿದ್ದೇನೆ. ಮುಂಗಾರಿಗೆ ಮೊದಲು ನಮ್ಮ ಪ್ರತಿಯೊಂದು ಹಳ್ಳಿ ತಂಡವೂ ಪೌತಿ ಖಾತೆಯಾಗದ ಮನೆಗಳ ಪಟ್ಟಿ ಮಾಡಿ ಅರ್ಜಿ ಹಾಕಿಸುವ ಕೆಲಸ ಹಿಡಿಯಬೇಕು. ನಮ್ಮ ತರಬೇತಿಗಳಲ್ಲಿ ಪಾಠ ಹೇಳುವ ರೈತ ತಾಯಂದಿರಿಗೆ ವಿಜ್ಞಾನಿಗಳಿಗೆ ಕೊಡುವಷ್ಟೇ ಗೌರವಧನ ಕೊಡಬೇಕು. ಎರಡನೆಯದಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಖಜಾಂಚಿಯವರು ಲೆಕ್ಕ ಮುಂದಿಡುತ್ತಾರೆ. ದಯವಿಟ್ಟು ಊಟ ಮುಗಿದೊಡನೆ ಹೊರಟುಬಿಡದೆ ಚರ್ಚೆಯಲ್ಲಿ ಪಾಲ್ಗೊಳ್ಳಿ.