ನಿಸ್ತಂತು ಮೆಮೊರಿ ಕಾರ್ಡ್: ಚಿತ್ರ ತೆಗೆಯುವಾಗಲೇ ಚಿತ್ರ ಕಳುಹಿಸುವ ಬಗೆ

ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಳಿ ಕೃಷ್ಣಾ ನದಿಗೆ ಕಟ್ಟಿರುವ ಬಸವಸಾಗರ ಜಲಾಶಯದಿಂದ ಮಳೆಗಾಲದಲ್ಲಿ ಅಪಾರ ಪ್ರಮಾಣದ ನೀರನ್ನು ನದಿಗೆ ಬಿಟ್ಟಾಗ, ಸುರಪುರ ಸೀಮೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಗೆ ಹೊರಗಿನ ಸಂಪರ್ಕ ಕಡಿದುಹೋಗುತ್ತದೆ. ಪ್ರವಾಹ ಹೆಚ್ಚಿದ ವರ್ಷಗಳಲ್ಲಿ ಶಹಾಪುರ ತಾಲ್ಲೂಕಿನ ಕೊಳ್ಳೂರು ಬಳಿಯ ಸೇತುವೆಯೂ ಮುಳುಗುತ್ತದೆ. ಇಂಥ ಹೊತ್ತಿನಲ್ಲಿ ತೆಗೆದ ಛಾಯಾಚಿತ್ರವು ಪತ್ರಿಕೆಗೂ ಆಡಳಿತಕ್ಕೂ ದೂರದ ಊರುಗಳಲ್ಲಿರುವ ಬಂಧುಗಳಿಗೂ ಬೇಗ ತಲುಪಬೇಕು. ಕ್ಯಾಮೆರಾ ನೀರಿಗೆ ಬಿದ್ದರೂ ಆ ಚಿತ್ರ ಉಳಿದಿರಬೇಕು. ಈ ಎರಡು ಅಗತ್ಯಗಳನ್ನು ಒಟ್ಟಿಗೆ ಪೂರೈಸಲು ಹೊರಟ ಸಾಧನವೇ ನಿಸ್ತಂತು ಮೆಮೊರಿ ಕಾರ್ಡ್. ಅದು ಕೆಲಸ ಮಾಡುವ ಬಗೆ, ಅದರ ಮಿತಿ ಮತ್ತು ಅದರ ಅಲ್ಪಕಾಲದ ಇತಿಹಾಸವು ಕಲಿಸುವ ಪಾಠ ಇವು ಈ ಭಾಷಣದ ವಿಷಯ.

ಡಿಜಿಟಲ್ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಸ್‌ಡಿ ಕಾರ್ಡನ್ನು ಸ್ಯಾನ್‌ಡಿಸ್ಕ್, ಪ್ಯಾನಸಾನಿಕ್ ಮತ್ತು ತೋಷಿಬಾ ಸಂಸ್ಥೆಗಳು 1999ರಲ್ಲಿ ಒಟ್ಟಾಗಿ ರೂಪಿಸಿದವು. 32 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ ಮತ್ತು 2.1 ಮಿಲಿಮೀಟರ್ ದಪ್ಪದ ಆ ಬಿಲ್ಲೆಯೊಳಗೆ ಮುಖ್ಯವಾಗಿ ಎರಡು ಭಾಗಗಳಿರುತ್ತವೆ: ವಿದ್ಯುತ್ ನಿಂತರೂ ಮಾಹಿತಿಯನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಸ್ಮರಣಕೋಶ ಒಂದು, ಯಾವ ಚಿತ್ರವನ್ನು ಎಲ್ಲಿ ಬರೆಯಬೇಕು ಮತ್ತು ಎಲ್ಲಿಂದ ಓದಬೇಕು ಎಂಬುದನ್ನು ನೋಡಿಕೊಳ್ಳುವ ನಿಯಂತ್ರಕ ಇನ್ನೊಂದು. ಅದೇ ಬಿಲ್ಲೆಯೊಳಗೆ ವೈ-ಫೈ ರೇಡಿಯೊ ಚಿಪ್ಪನ್ನೂ ಪುಟ್ಟದೊಂದು ಆಂಟೆನಾವನ್ನೂ ಸೇರಿಸಿದರೆ ನಿಸ್ತಂತು ಮೆಮೊರಿ ಕಾರ್ಡ್ ಸಿದ್ಧವಾಗುತ್ತದೆ. ಇದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಬೇಕಾದ ವಿದ್ಯುತ್ತನ್ನು ಅದು ಕ್ಯಾಮೆರಾದಿಂದಲೇ ಪಡೆಯುತ್ತದೆ. ಆದ್ದರಿಂದ ವೈ-ಫೈ ಸೌಲಭ್ಯವೇ ಇಲ್ಲದ ಹಳೆಯ ಕ್ಯಾಮೆರಾ ಕೂಡ ಇಂಥ ಕಾರ್ಡನ್ನು ತೊಡಿಸಿದೊಡನೆ ಚಿತ್ರ ಕಳುಹಿಸುವ ಶಕ್ತಿಯನ್ನು ಪಡೆಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಬೇಕಾಗುತ್ತದೆ. ವೈ-ಫೈ ಎಂದರೆ ಇಂಟರ್‌ನೆಟ್ ಎಂದು ಅನೇಕರು ಭಾವಿಸುತ್ತಾರೆ. ಆದರೆ ವೈ-ಫೈ ಎಂಬುದು ಹತ್ತಿರದ ಎರಡು ಸಾಧನಗಳ ನಡುವಿನ ರೇಡಿಯೊ ಸಂಪರ್ಕ ಮಾತ್ರ, ಅದರ ಆಚೆಗೆ ಇಂಟರ್‌ನೆಟ್ ಇರಬಹುದು, ಇಲ್ಲದೆಯೂ ಇರಬಹುದು. ಚಿತ್ರದ ಪ್ರಯಾಣಕ್ಕೆ ಹೀಗೆ ಎರಡು ಹಂತಗಳುಂಟು. ಕಾರ್ಡಿನಿಂದ ಛಾಯಾಗ್ರಾಹಕರ ಕಿಸೆಯಲ್ಲಿರುವ ಫೋನಿಗೆ ಸಾಗುವುದು ಮೊದಲನೆಯ ಹಂತ. ಫೋನಿನಿಂದ ಹೊರಜಗತ್ತಿಗೆ ಹೋಗುವುದು ಎರಡನೆಯದು. ಮೊಬೈಲ್ ಸಿಗ್ನಲ್ ಸಿಗದ ನದಿದಂಡೆಯಲ್ಲಿ ಎರಡನೆಯ ಹಂತ ನಿಂತುಹೋದರೂ ಮೊದಲನೆಯದು ಸರಾಗವಾಗಿ ನಡೆಯುತ್ತದೆ, ಮತ್ತು ಅದು ನಡೆದ ಕ್ಷಣದಿಂದ ಆ ಚಿತ್ರಕ್ಕೆ ಇನ್ನೊಂದು ಪ್ರತಿ ಇರುತ್ತದೆ. ಸಿಗ್ನಲ್ ಇರುವ ಊರಿಗೆ ಬಂದ ಮೇಲೆ ಫೋನಿನಲ್ಲಿರುವ ಪ್ರತಿಯನ್ನು ಮುಂದಕ್ಕೆ ಕಳುಹಿಸಬಹುದು. ಈ ಕಾರ್ಡುಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಭಾರತ ಸರ್ಕಾರವು 2005ರ ಜನವರಿಯಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಿದ್ದರಿಂದ, ಹೊಲದಲ್ಲಾಗಲಿ ದಂಡೆಯಲ್ಲಾಗಲಿ ಇದನ್ನು ಬಳಸಲು ಪ್ರತ್ಯೇಕ ರೇಡಿಯೊ ಪರವಾನಗಿ ಬೇಕಾಗಲಿಲ್ಲ.

ಇಂಥ ಕಾರ್ಡನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಐ-ಫೈ ಎಂಬ ಸಂಸ್ಥೆ. ಅದರ ಮೊದಲ ಕಾರ್ಡು 2007ರಲ್ಲಿ 2 ಗಿಗಾಬೈಟ್ ಸಾಮರ್ಥ್ಯದೊಂದಿಗೆ ಮಾರುಕಟ್ಟೆಗೆ ಬಂದಿತು. ಆರಂಭದಲ್ಲಿ ಕಾರ್ಡು ಮನೆಯ ಅಥವಾ ಕಚೇರಿಯ ವೈ-ಫೈ ರೂಟರನ್ನು ಸೇರಿಕೊಂಡು, ಅದರ ಮೂಲಕ ಕಂಪ್ಯೂಟರಿಗೆ ಚಿತ್ರಗಳನ್ನು ತಲುಪಿಸುತ್ತಿತ್ತು. ಆಮೇಲೆ ಕಾರ್ಡೇ ತನ್ನದೊಂದು ಪುಟ್ಟ ಜಾಲವನ್ನು ಹುಟ್ಟಿಸಿ, ಫೋನ್ ನೇರವಾಗಿ ಅದಕ್ಕೆ ಸೇರಿಕೊಳ್ಳುವ ವಿಧಾನ ಬಂದಿತು. ಹೊರಾಂಗಣದ ಕೆಲಸಕ್ಕೆ ಒದಗಿದ್ದು ಈ ಎರಡನೆಯ ವಿಧಾನವೇ. 2012ರಲ್ಲಿ ಎಸ್‌ಡಿ ಕಾರ್ಡುಗಳ ಮಾನದಂಡ ನಿರ್ಧರಿಸುವ ಸಂಘವು ನಿಸ್ತಂತು ಕಾರ್ಡಿಗೂ ಒಂದು ಸಾಮಾನ್ಯ ಮಾನದಂಡವನ್ನು ಪ್ರಕಟಿಸಿತು. ಅದೇ ವರ್ಷ ತೋಷಿಬಾದ ಫ್ಲ್ಯಾಶ್‌ಏರ್ ಕಾರ್ಡು ಮಾರಾಟಕ್ಕೆ ಬಂದಿತು. ಫೋನಿನ ಸಾಮಾನ್ಯ ಬ್ರೌಸರಿನಲ್ಲಿಯೇ ಕಾರ್ಡಿನ ಚಿತ್ರಗಳನ್ನು ತೆರೆದು ನೋಡಲು ಅದರಲ್ಲಿ ಸಾಧ್ಯವಿತ್ತು.

ಈ ಸಾಧನದ ದೊಡ್ಡ ಮಿತಿ ವೇಗ. ಮೊದಲು ಹೇಳಿದ ಜಲಾಶಯದ ಹೋಲಿಕೆಯಿಂದ ಇದನ್ನು ತಿಳಿಯಬಹುದು. ನಾರಾಯಣಪುರದ ಜಲಾಶಯದ ಒಟ್ಟು ಸಂಗ್ರಹ ಸಾಮರ್ಥ್ಯ ಸುಮಾರು 33 ಟಿಎಂಸಿ ಅಡಿ, ಅದರ ಎಡದಂಡೆ ಕಾಲುವೆ ಸಾಗಿಸಬಲ್ಲ ನೀರು ಸೆಕೆಂಡಿಗೆ 10,000 ಘನ ಅಡಿ. ಹೊಸ ನೀರು ಬಾರದಿದ್ದರೂ ಆ ಕಾಲುವೆಯೊಂದರಿಂದಲೇ ಜಲಾಶಯವನ್ನು ಬರಿದುಮಾಡಲು, ಲೆಕ್ಕದ ಮಟ್ಟಿಗೆ, 38 ದಿನಗಳು ಬೇಕು. ಸಂಗ್ರಹ ಎಷ್ಟೇ ದೊಡ್ಡದಿದ್ದರೂ ಹೊರಹರಿವು ಕಾಲುವೆಯ ಅಳತೆಯನ್ನು ಮೀರದು ಎಂಬ ಈ ನಿಯಮವೇ ಕಾರ್ಡಿಗೂ ಅನ್ವಯಿಸುತ್ತದೆ. ನಿಸ್ತಂತು ಸಂಪರ್ಕವು ಸೆಕೆಂಡಿಗೆ 1 ಮೆಗಾಬೈಟ್ ಸಾಗಿಸುತ್ತದೆ ಎಂದಿಟ್ಟುಕೊಂಡರೆ, 32 ಗಿಗಾಬೈಟಿನ ತುಂಬಿದ ಕಾರ್ಡು ಖಾಲಿಯಾಗಲು ಸುಮಾರು 9 ಗಂಟೆ ಹಿಡಿಯುತ್ತದೆ.

ಆದ್ದರಿಂದ ಯಾವ ಚಿತ್ರವನ್ನು ಕಳುಹಿಸಬೇಕು ಎಂಬ ಆಯ್ಕೆಯಲ್ಲಿಯೇ ಬಳಕೆದಾರರ ಜಾಣ್ಮೆ ಇರುತ್ತದೆ. ಕ್ಯಾಮೆರಾ ಎರಡು ಬಗೆಯ ಕಡತಗಳನ್ನು ಬರೆಯಬಲ್ಲದು. ಬೆಳಕಿನ ಮಾಹಿತಿಯನ್ನೆಲ್ಲ ಸಂಸ್ಕರಿಸದೆ ಹಾಗೆಯೇ ಉಳಿಸಿಕೊಳ್ಳುವ, ಗಾತ್ರದಲ್ಲಿ ದೊಡ್ಡದಾದ ಕಡತಕ್ಕೆ ರಾ ಎಂದು ಹೆಸರು. ಸಂಸ್ಕರಿಸಿ, ಕುಗ್ಗಿಸಿ, ಕೂಡಲೇ ನೋಡಲು ಯೋಗ್ಯವಾಗುವಂತೆ ಮಾಡಿದ್ದು ಜೆಪೆಗ್. ಮೇಲಿನ ವೇಗದಲ್ಲಿ 25 ಮೆಗಾಬೈಟಿನ 300 ರಾ ಕಡತಗಳನ್ನು ಕಳುಹಿಸಲು ಎರಡು ಗಂಟೆಗೂ ಹೆಚ್ಚು ಕಾಲ ಬೇಕು. 1 ಮೆಗಾಬೈಟಿಗೆ ಇಳಿಸಿದ ಜೆಪೆಗ್ ಆದರೆ ಅಷ್ಟೇ ಚಿತ್ರಗಳಿಗೆ 5 ನಿಮಿಷ ಸಾಕು. ಎರಡು ಕಾರ್ಡುಗಳಿಗೆ ಸ್ಥಳವಿರುವ ಕ್ಯಾಮೆರಾದಲ್ಲಿ ಒಂದಕ್ಕೆ ರಾ ಕಡತವನ್ನೂ ನಿಸ್ತಂತು ಕಾರ್ಡಿಗೆ ಸಣ್ಣ ಜೆಪೆಗನ್ನೂ ಬರೆಯುವಂತೆ ಮಾಡಿಕೊಳ್ಳುವ ರೂಢಿ ವೃತ್ತಿಪರರಲ್ಲಿ ಬೆಳೆದದ್ದು ಈ ಕಾರಣದಿಂದ. ಒಂದೇ ಕಾರ್ಡಿರುವ ಕಡೆ ಇನ್ನೊಂದು ಉಪಾಯವಿತ್ತು: ಅಳಿಸದಂತೆ ಕಾಯಲು ಕ್ಯಾಮೆರಾದಲ್ಲಿರುವ ಗುಂಡಿಯನ್ನು ಒತ್ತಿ ಗುರುತು ಮಾಡಿದ ಚಿತ್ರಗಳನ್ನಷ್ಟೇ ಕಳುಹಿಸುವ ವ್ಯವಸ್ಥೆ ಐ-ಫೈ ಕಾರ್ಡುಗಳಲ್ಲಿತ್ತು.

ಮದುವೆಯ ಮನೆಯಲ್ಲಿ ಮುಹೂರ್ತದ ಚಿತ್ರಗಳನ್ನು ಆಗಲೇ ಹಿರಿಯರಿಗೆ ತೋರಿಸುವುದು ಈ ಸೌಲಭ್ಯದ ಸುಲಭವಾದ ಉಪಯೋಗ. ಅದಕ್ಕಿಂತ ಗಂಭೀರವಾದ ಉಪಯೋಗವನ್ನು ಅರಿಯಲು ನಾರಾಯಣಪುರಕ್ಕೆ ಸಮೀಪದ ಹುಣಸಗಿ–ಬೈಚಬಾಳ ಕಣಿವೆಯನ್ನು ನೆನೆಯಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ಈ ಕಣಿವೆಯ ಇಸಾಂಪುರದಲ್ಲಿ, 1990ರ ದಶಕದ ಕೊನೆಯ ವರ್ಷಗಳಲ್ಲಿ ನಡೆದ ಉತ್ಖನನವು ಆದಿಮಾನವರು ಸುಣ್ಣಕಲ್ಲಿನಿಂದ ಆಯುಧಗಳನ್ನು ರೂಪಿಸುತ್ತಿದ್ದ ತಾಣವನ್ನು ಬೆಳಕಿಗೆ ತಂದಿತು. ಅದರ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ. ಉತ್ಖನನದಲ್ಲಿ ಮೇಲಿನ ಪದರವನ್ನು ತೆಗೆದ ಮೇಲೆ ಅದನ್ನು ಮತ್ತೆ ಮೊದಲಿನಂತೆ ಇರಿಸಲಾಗದು. ಕಲ್ಲುಗಳು ಇದ್ದ ಸ್ಥಾನಕ್ಕೆ ನಕ್ಷೆ ಮತ್ತು ಛಾಯಾಚಿತ್ರಗಳೇ ಸಾಕ್ಷಿ. ಫಿಲ್ಮಿನ ಕಾಲದಲ್ಲಿ ರೋಲ್ ತೊಳೆದು ಮುದ್ರಿಸುವವರೆಗೆ ಚಿತ್ರ ಸರಿಯಾಗಿ ಬಂದಿದೆಯೇ ಎಂದು ತಿಳಿಯುತ್ತಿರಲಿಲ್ಲ. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ, ಅದೂ ಬಿಸಿಲಿನಲ್ಲಿ, ಅಳತೆಪಟ್ಟಿಯ ಅಂಕಿಗಳು ಸ್ಪಷ್ಟವಾಗಿವೆಯೇ ಎಂದು ನಿರ್ಧರಿಸುವುದು ಇಂದಿಗೂ ಕಷ್ಟ. ಚಿತ್ರವು ಕೂಡಲೇ ನೆರಳಿನಲ್ಲಿರುವ ಟ್ಯಾಬ್ಲೆಟ್ಟಿಗೆ ಬಂದರೆ, ನಕ್ಷೆ ಬರೆಯುವವರು ಅದನ್ನು ಹಿಗ್ಗಿಸಿ ಪರಿಶೀಲಿಸಿ, ಪದರ ತೆಗೆಯುವ ಮುನ್ನವೇ ಇನ್ನೊಂದು ಚಿತ್ರ ಬೇಕೆಂದು ಹೇಳಬಹುದು. ಚಿತ್ರೀಕರಣದ ವೇಳೆಯಲ್ಲಿಯೇ ವರ್ಗಾವಣೆ ನಡೆಯುವುದರ ನಿಜವಾದ ಮೌಲ್ಯ ಇಲ್ಲಿದೆ: ತಿದ್ದಿಕೊಳ್ಳಲು ಅವಕಾಶವಿರುವಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ.

ಬಳಕೆಯಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳೆಲ್ಲ ಕಾರ್ಡಿನ ರಚನೆಯಿಂದಲೇ ಹುಟ್ಟುತ್ತವೆ. ವಿದ್ಯುತ್ತು ಕ್ಯಾಮೆರಾದಿಂದ ಬರುವುದರಿಂದ, ಬ್ಯಾಟರಿ ಉಳಿಸಲು ಕ್ಯಾಮೆರಾ ತಾನಾಗಿ ಆರಿಹೋಗುವ ಅವಧಿಯನ್ನು ಹೆಚ್ಚಿಸಿಕೊಳ್ಳದಿದ್ದರೆ ವರ್ಗಾವಣೆ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚಿಸಿಕೊಂಡರೆ ಬ್ಯಾಟರಿ ಬೇಗ ಮುಗಿಯುವುದರಿಂದ ಇನ್ನೊಂದು ಬ್ಯಾಟರಿ ಜೊತೆಗಿರಬೇಕು. ಆಂಟೆನಾ ಚಿಕ್ಕದಾದ್ದರಿಂದ ಕ್ಯಾಮೆರಾದ ಲೋಹದ ಮೈಯೂ ಅದನ್ನು ಹಿಡಿದ ಅಂಗೈಯೂ ತರಂಗಗಳನ್ನು ತಡೆಯುತ್ತವೆ; ಫೋನನ್ನು ಸಮೀಪದಲ್ಲಿಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ. ಕಾರ್ಡಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಸೂಚಿಯನ್ನು ಕ್ಯಾಮೆರಾ ತನ್ನೊಳಗೆ ಇಟ್ಟುಕೊಂಡಿರುವಾಗ, ಅದಕ್ಕೆ ತಿಳಿಯದಂತೆ ಫೋನಿನಿಂದ ಚಿತ್ರಗಳನ್ನು ಅಳಿಸಿದರೆ ಲೆಕ್ಕ ತಪ್ಪಿ ಇತರ ಚಿತ್ರಗಳೂ ಹಾಳಾಗಬಹುದು. ಆದ್ದರಿಂದ ಅಳಿಸುವ ಕೆಲಸವನ್ನು ಕ್ಯಾಮೆರಾದಲ್ಲಿಯೇ ಮಾಡಬೇಕು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಬೇಕು. ಮನೆ ಕಳೆದುಕೊಂಡು ನಿಂತ ಸಂತ್ರಸ್ತರ ಚಿತ್ರಗಳಾಗಲಿ, ಮದುವೆಮನೆಯ ಹೆಣ್ಣುಮಕ್ಕಳ ಚಿತ್ರಗಳಾಗಲಿ, ಅಪರಿಚಿತರ ಫೋನಿಗೆ ಸಿಗದಂತೆ ಕಾಯುವುದು ಛಾಯಾಗ್ರಾಹಕರ ಹೊಣೆ.

ಈ ಕಾರ್ಡುಗಳ ಕಾಲ ದೀರ್ಘವಾಗಲಿಲ್ಲ. ನಿಕಾನ್ ಸಂಸ್ಥೆಯು 2005ರಲ್ಲಿಯೇ ಕೆಲವು ಪುಟ್ಟ ಕ್ಯಾಮೆರಾಗಳಲ್ಲಿ ವೈ-ಫೈ ಅಳವಡಿಸಿತ್ತು. 2012ರಲ್ಲಿ ಬಂದ ಕ್ಯಾನನ್ 6ಡಿಯಂಥ ದೊಡ್ಡ ಕ್ಯಾಮೆರಾಗಳ ಒಳಗೇ ಆ ಸೌಲಭ್ಯ ಸೇರಿದ ಮೇಲೆ, ಪ್ರತ್ಯೇಕ ಕಾರ್ಡಿನ ಅಗತ್ಯ ಕುಗ್ಗುತ್ತ ಬಂದಿತು. 2016ರ ಸೆಪ್ಟೆಂಬರಿನಲ್ಲಿ ಐ-ಫೈ ತನ್ನ ಹಳೆಯ ಎಕ್ಸ್2 ಸರಣಿಯ ಕಾರ್ಡುಗಳಿಗೆ ಬೆಂಬಲವನ್ನು ನಿಲ್ಲಿಸಿತು. ಆ ಕಾರ್ಡುಗಳನ್ನು ಬಳಕೆಗೆ ಹೊಂದಿಸುವ ಕೆಲಸವು ಸಂಸ್ಥೆಯ ಸರ್ವರನ್ನು ಅವಲಂಬಿಸಿದ್ದುದರಿಂದ, ಕಾರ್ಡು ಕೆಡದೆ ಇದ್ದರೂ ಅದರ ನಿಸ್ತಂತು ಸೌಲಭ್ಯ ನಿರುಪಯುಕ್ತವಾಗುವ ಸ್ಥಿತಿ ಒದಗಿತು. ಕೊಂಡ ಸಾಧನವು ದೂರದ ಸರ್ವರಿನ ಅಪ್ಪಣೆಯಿಲ್ಲದೆ ಕೆಲಸ ಮಾಡಬಲ್ಲದೇ ಎಂಬ ಪ್ರಶ್ನೆಯನ್ನು ಕೊಳ್ಳುವ ಮುನ್ನವೇ ಕೇಳಬೇಕೆಂಬುದನ್ನು ಈ ಘಟನೆ ಕಲಿಸಿತು. ನೆಟ್‌ವರ್ಕ್ ದುರ್ಬಲವಾಗಿರುವ ಗ್ರಾಮಾಂತರ ಪ್ರದೇಶಗಳಿಗೆ ಆ ಪ್ರಶ್ನೆ ಇನ್ನೂ ಮುಖ್ಯ.

ಕಾರ್ಡಿನ ಬದಲು ಕ್ಯಾಮೆರಾದೊಳಗಿನ ವೈ-ಫೈ ಬಂದಿದ್ದರೂ ಮೂಲ ತತ್ತ್ವಗಳು ಬದಲಾಗಿಲ್ಲ. ಒಂದೇ ಕಡೆ ಇರುವ ಚಿತ್ರವು ಯಾವ ಗಳಿಗೆಯಲ್ಲಾದರೂ ಕಳೆದುಹೋಗಬಹುದಾದ ಚಿತ್ರ. ಫೋನಿಗೆ ಬಂದ ಸಣ್ಣ ಪ್ರತಿಯು ಸುದ್ದಿಗೂ ಪರಿಶೀಲನೆಗೂ ಸಾಲುತ್ತದೆಯೇ ಹೊರತು ಮೂಲ ಕಡತದ ಸ್ಥಾನವನ್ನು ತುಂಬಲಾರದು. ಆದುದರಿಂದ ಸ್ಥಳದಲ್ಲಿರುವಾಗ ಸಣ್ಣ ಪ್ರತಿಯನ್ನು ಫೋನಿಗೆ ಪಡೆದು, ಅದನ್ನು ತೆರೆದು ನೋಡಿ, ಸಂಜೆ ಮೂಲ ಕಡತಗಳನ್ನು ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿಗೂ ಬೇರೆಯೊಂದು ಹಾರ್ಡ್ ಡಿಸ್ಕಿಗೂ ಇಳಿಸಿಕೊಂಡು, ಎರಡೂ ಕಡೆ ಚಿತ್ರಗಳು ತೆರೆಯುತ್ತವೆ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಕಾರ್ಡನ್ನು ಅಳಿಸುವ ಶಿಸ್ತನ್ನು, ಪತ್ರಿಕೆಯ ವರದಿಗಾರರಿಂದ ಹಿಡಿದು ಹಳ್ಳಿಯ ಸ್ಟುಡಿಯೊದವರವರೆಗೆ ಎಲ್ಲರೂ ರೂಢಿಸಿಕೊಳ್ಳಬೇಕು.