ನಾಳೆ ಬಾ

(ಆಕಾಶವಾಣಿಯಿಂದ ಪ್ರಸಾರವಾದ ಭಾಷಣ)

ಕಳೆದ ಮಾಗಿಯ ಒಂದು ಸಂಜೆ, ಗುತ್ತಲಿನ ನಮ್ಮ ಮನೆಯ ಜಗಲಿಯಲ್ಲಿ ನಾನು ಪತ್ರಿಕೆ ಮಡಿಸಿ ಏಳುವ ಹೊತ್ತಿಗೆ, ಅರ್ಕೇಶ್ವರ ದೇವಸ್ಥಾನದ ಕಡೆಯಿಂದ ಒಬ್ಬ ತರುಣ ಬಂದು ಗೇಟಿನ ಬಳಿ ನಿಂತ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗ. ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು. ಮದುವೆಗೆ ಕರೆಯಲು ಬಂದಿರಬಹುದೆಂದು ಭಾವಿಸಿ ಒಳಗೆ ಕರೆದೆ. ಕುಳಿತವನು ಸ್ವಲ್ಪ ಹೊತ್ತು ನೆಲವನ್ನೇ ನೋಡುತ್ತಿದ್ದು, "ಸಾರ್, ಒಂದು ದೆವ್ವದ ಪಿಕ್ಚರ್ ಮಾಡ್ಬೇಕು ಅಂತಿದ್ದೀನಿ. ದುಡ್ಡು ಸಾಲ್ದು" ಎಂದ.

ಪಂಪ ರನ್ನರನ್ನು ಪಾಠ ಹೇಳಿಕೊಂಡು ಕಾಲ ಕಳೆದವನು ನಾನು. ನನ್ನ ಬಳಿಗೆ ಬಂದವರು ಶಿಫಾರಸು ಪತ್ರ ಕೇಳಿದ್ದಾರೆ, ಮುನ್ನುಡಿ ಕೇಳಿದ್ದಾರೆ, ಹುಟ್ಟಿದ ಮಗುವಿಗೆ ಹೆಸರು ಕೇಳಿದ್ದಾರೆ. ದೆವ್ವಕ್ಕೆ ಬಂಡವಾಳ ಕೇಳಿದವನು ಇವನೊಬ್ಬನೇ.

ಕಥೆ ಹೇಳೆಂದೆ. ಮುಚ್ಚಿಹೋದ ಒಂದು ಆಲೆಮನೆ. ಅಲ್ಲಿ ಬೆಲ್ಲ ಕಾಯಿಸುತ್ತಿದ್ದವನೊಬ್ಬ ಕೂಲಿಯ ಬಾಕಿ ಕೈಗೆ ಬರುವ ಮೊದಲೇ ಸತ್ತಿದ್ದಾನೆ. ರಾತ್ರಿಯಾದರೆ ಒಲೆ ತಾನಾಗಿ ಹೊತ್ತಿಕೊಳ್ಳುತ್ತದೆ, ಬರಿಯ ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಸದ್ದು ಕೇಳುತ್ತದೆ. ಆ ದಾರಿಯಲ್ಲಿ ಬಂದವರನ್ನು ಒಂದು ದನಿ ಕೇಳುತ್ತದೆ: "ನನ್ನ ಲೆಕ್ಕ ಎಲ್ಲಿ?" ಇಷ್ಟೇ. ಬೆನ್ನು ಸಣ್ಣಗೆ ಚಳಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಕಾರಣ ಮುಂದೆ ಹೇಳುವೆ.

ನೋಟ್‌ಬುಕ್ಕಿನಲ್ಲಿ ಅಂದಾಜುಪಟ್ಟಿ ಇತ್ತು. ಒಟ್ಟು 18 ಲಕ್ಷ ರೂಪಾಯಿ. ಕ್ಯಾಮೆರಾ ಬಾಡಿಗೆ, ದೀಪ, ಜನರೇಟರಿನ ಡೀಸೆಲ್, ಸಂಕಲನ, ಧ್ವನಿ, ಇವುಗಳ ನಡುವೆ ಎಲ್ಲಕ್ಕಿಂತ ದಪ್ಪವಾಗಿ ಊಟದ ಖರ್ಚು. ರಕ್ತದ ಬಾಬ್ತಿಗೆ ಬರೆದದ್ದು ಬರೀ 300 ರೂಪಾಯಿ. "ಬೆಲ್ಲದ ಪಾಕಕ್ಕೆ ಬಣ್ಣ ಸಾರ್" ಎಂದು ವಿವರಿಸಿದ. 1968ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಗೆಳೆಯರು 'ನೈಟ್ ಆಫ್ ದಿ ಲಿವಿಂಗ್ ಡೆಡ್' ಎಂಬ ಕಪ್ಪುಬಿಳುಪು ಚಿತ್ರ ತೆಗೆದಾಗ ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಪಾಕವನ್ನು. ಅವರೂ ಮೊದಲಿಗೆ ಹತ್ತು ಜನ ಸೇರಿ, ತಲೆಗೆ 600 ಡಾಲರಿನಂತೆ ಹಾಕಿಕೊಂಡು ಹೊರಟವರು. ನಮ್ಮ ಹುಡುಗನಿಗೆ ಇದೆಲ್ಲ ಬಾಯಿಪಾಠವಾಗಿತ್ತು.

ಗಾಂಧಿನಗರದಲ್ಲಿ ಯಾರನ್ನಾದರೂ ಕಂಡೆಯೇನಪ್ಪಾ ಎಂದು ಕೇಳಿದೆ. ಎಂಟು ತಿಂಗಳು ಅಲೆದಿದ್ದಾನೆ. ನಿರ್ಮಾಪಕರೊಬ್ಬರು ಕಥೆ ಕೇಳಿ, ಮೆಚ್ಚಿ, ಕಾಫಿ ಕುಡಿಸಿ, ನಾಳೆ ಬಾ ಎಂದರಂತೆ. ಮರುದಿನ ಹೋದರೆ ಮತ್ತೆ, ನಾಳೆ ಬಾ.

ಕೇಳುಗರಲ್ಲಿ ಹಲವರಿಗೆ ನೆನಪಿರಬಹುದು. 1990ರ ದಶಕದಲ್ಲಿ ನಮ್ಮ ಊರುಗಳ ಬಾಗಿಲುಗಳ ಮೇಲೆ ಸುಣ್ಣದಿಂದಲೋ ಇದ್ದಿಲಿನಿಂದಲೋ ಇದೇ ಎರಡು ಮಾತು ಬರೆದಿರುತ್ತಿದ್ದರು. ರಾತ್ರಿ ಒಂದು ಹೆಣ್ಣುದೆವ್ವ ಪರಿಚಿತರ ದನಿಯಲ್ಲಿ ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದವನು ಉಳಿಯುವುದಿಲ್ಲ. ಬಾಗಿಲಲ್ಲಿ 'ನಾಳೆ ಬಾ' ಎಂದಿದ್ದರೆ ಅದನ್ನು ಓದಿ ಮರಳಿಹೋಗುತ್ತದೆ, ನಾಳೆಯೂ ಹಾಗೆಯೇ. ಕನ್ನಡ ಅಧ್ಯಾಪಕನಾದ ನನಗೆ ಆಗ ಒಂದೇ ಸಮಾಧಾನ: ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಓದಿದ್ದನ್ನು ನಂಬುತ್ತದೆ ಕೂಡ. ಈ ನಂಬಿಕೆಯ ಎಳೆಯನ್ನೇ ಹಿಡಿದು 2018ರಲ್ಲಿ ಹಿಂದಿಯಲ್ಲಿ 'ಸ್ತ್ರೀ' ಎಂಬ ಚಿತ್ರ ಬಂತು, ಭಾರಿ ಗಳಿಕೆಯನ್ನೂ ಕಂಡಿತು. ನಮ್ಮ ಬಾಗಿಲಿನ ದೆವ್ವಕ್ಕೆ ಮುಂಬಯಿಯಲ್ಲಿ ಬಂಡವಾಳ ಸಿಕ್ಕಿತು. ನಮ್ಮವರು ಮಾತ್ರ ಹುಡುಗರ ಮುಖಕ್ಕೆ ಅದೇ ಬಾಗಿಲನ್ನು ತೋರಿಸುತ್ತಿದ್ದಾರೆ.

ಭಯಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಶೃಂಗಾರಕ್ಕೆ ಉದ್ಯಾನ ಬೇಕು, ವೀರಕ್ಕೆ ಆನೆ ಕುದುರೆಗಳು ಬೇಕು. ಭಯಾನಕಕ್ಕೆ ಕತ್ತಲೆ ಸಾಕು, ಅದನ್ನು ದೇವರು ಪುಕ್ಕಟೆ ಕೊಟ್ಟಿದ್ದಾನೆ. 1979ರಲ್ಲಿ ಅನಂತನಾಗ್, ಲಕ್ಷ್ಮಿ ಅಭಿನಯದ 'ನಾ ನಿನ್ನ ಬಿಡಲಾರೆ' ನೋಡಿ ಮನೆಗೆ ನಡೆದುಬಂದ ರಾತ್ರಿ, ಬಿ.ಎ. ಓದುತ್ತಿದ್ದ ನಾನು ಕಬ್ಬಿನ ಗದ್ದೆಯ ಬದಿಯಲ್ಲಿ ಓಡಿದ್ದು ಪರದೆಯ ಮೇಲಿನ ದೆವ್ವಕ್ಕೆ ಹೆದರಿಯಲ್ಲ, ಗರಿಗಳ ಸದ್ದಿಗೆ. 2013ರ '6-5=2' ಚಿತ್ರವಂತೂ ಚಾರಣಕ್ಕೆ ಹೋದ ಗೆಳೆಯರೇ ತೆಗೆದ ವಿಡಿಯೋ ಎಂಬಂತೆ ಇದೆ. ಕ್ಯಾಮೆರಾ ನಡುಗಿದರೆ ಅದೂ ಕಥೆಯ ಅಂಗವೇ. ಇನ್ನು ನಟರ ಮಾತು. ನಮ್ಮ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಅಭಿನಯಿಸಿದ 'ತಿಥಿ' 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಮೇಲೆ, ನಟರಿಲ್ಲ ಎಂಬ ನೆಪ ಮಂಡ್ಯದವರಿಗೆ ಉಳಿದಿಲ್ಲ.

ಹಾಗಿದ್ದೂ 18 ಲಕ್ಷ 18 ಲಕ್ಷವೇ. ಹುಡುಗ 'ಲೂಸಿಯಾ'ದ ಮಾತೆತ್ತಿದ. ಅದು ದೆವ್ವದ ಚಿತ್ರವಲ್ಲ. ಕನಸು ತರುವ ಗುಳಿಗೆಯೊಂದನ್ನು ನುಂಗಿದ ಚಿತ್ರಮಂದಿರದ ಟಾರ್ಚು ಹುಡುಗನ ಕಥೆ. ಅಭಿನಯಿಸಿದ ಸತೀಶ್ ನೀನಾಸಂ ನಮ್ಮ ಜಿಲ್ಲೆಯವರೇ. ನಿರ್ದೇಶಕ ಪವನ್ ಕುಮಾರ್ ನಿರ್ಮಾಪಕರ ಮನೆಗಳಿಗೆ ಅಲೆದು ಬೇಸತ್ತು, 2012ರಲ್ಲಿ ಅಂತರ್ಜಾಲದಲ್ಲಿ ತಮ್ಮ ಪಾಡನ್ನು ಬಿಚ್ಚಿ ಬರೆದರು. ನೋಡುವವರೇ ಹಣ ಹಾಕಿ ಎಂದು ಕೇಳಿದರು. 27 ದಿನಗಳಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಕೂಡಿತು. 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಬಂತು, ಸೆಪ್ಟೆಂಬರಿನಲ್ಲಿ ಚಿತ್ರ ಇಲ್ಲಿ ಬಿಡುಗಡೆಯಾಯಿತು.

ಇಷ್ಟು ಹೇಳಿ ಹುಡುಗ ಗೆದ್ದವನಂತೆ ನನ್ನ ಮುಖ ನೋಡಿದ. ಮುಂದಿನದನ್ನು ನಾನೇ ಹೇಳಬೇಕಾಯಿತು. ಅದೇ ಪವನ್ ಕುಮಾರ್ ಆಮೇಲೆ ನಿಕೋಟಿನ್ನಿನ ರಾಸಾಯನಿಕ ಸೂತ್ರವನ್ನೇ ಹೆಸರಾಗಿಟ್ಟ ಇನ್ನೊಂದು ಚಿತ್ರಕ್ಕೆ ಇದೇ ದಾರಿಯಲ್ಲಿ ಹಣ ಕೂಡಿಸಲು ಹೊರಟರು. ಆ ಚಿತ್ರ ತೆರೆಗೆ ಬರಲಿಲ್ಲ. ಅವರ ದೆವ್ವದ ಚಿತ್ರ 'ಯು ಟರ್ನ್' ಬಂದದ್ದು 2016ರಲ್ಲಿ. ಒಮ್ಮೆ ಹರಿದ ಕಾಲುವೆಯಲ್ಲಿ ಮತ್ತೆ ನೀರು ಬಂದೇ ಬರುತ್ತದೆಂದು ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತರಾದ ನಾವೇ ನೆಚ್ಚುವುದಿಲ್ಲ.

ಹತ್ತು ಜನರ ಕೈಯಿಂದ ಕೂಡಿಸುವುದು ನಿನ್ನೆ ಮೊನ್ನೆಯ ಉಪಾಯವೇನೂ ಅಲ್ಲ. 1976ರಲ್ಲಿ ಶ್ಯಾಮ್ ಬೆನೆಗಲ್ಲರ 'ಮಂಥನ'ಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಕೇರಳದ ಜಾನ್ ಅಬ್ರಹಾಂ 1986ರಲ್ಲಿ 'ಅಮ್ಮ ಅರಿಯಾನ್' ಚಿತ್ರವನ್ನು ಊರೂರು ತಿರುಗಿ ಎತ್ತಿದ ಹಣದಲ್ಲೇ ತೆಗೆದರು. ಅಷ್ಟು ದೂರ ಯಾಕೆ? ಮಂಡ್ಯದ ಕಲಾಮಂದಿರದಲ್ಲಿ 'ಕುರುಕ್ಷೇತ್ರ' ನಾಟಕ ನಡೆಯುವುದು ಹೇಗೆಂದು ಬಲ್ಲವರು ಬಲ್ಲರು. ಪಾತ್ರಧಾರಿಗೆ ಸಂಭಾವನೆ ಇಲ್ಲ. ಪಾತ್ರಧಾರಿಯೇ ಹಣ ಕೊಡಬೇಕು. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಹಾಡು ಕಡಿಮೆಯಿದ್ದ ಪಾತ್ರಕ್ಕೆ ಕಡಿಮೆ. ಆ ಹಣದಲ್ಲಿ ಸೀನರಿ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಗದ್ದೆ ಉತ್ತು ಬಂದವನು ಒಂದು ರಾತ್ರಿ ಗದೆ ಹೊತ್ತು ಕಂದಪದ್ಯ ಹೇಳುತ್ತಾನೆ, ಕೊಟ್ಟ ಹಣ ಅಲ್ಲಿಗೆ ತೀರಿತು. ಅವನು ಲಾಭ ಕೇಳುವುದಿಲ್ಲ. ಏನು ಕೊಂಡೆನೆಂದು ಅವನಿಗೆ ಗೊತ್ತು.

ಮದುವೆಯ ಮುಯ್ಯಿಯೂ ಹೀಗೆಯೇ. ಮಂಟಪದ ಮೂಲೆಯಲ್ಲಿ ಒಬ್ಬ ಪುಸ್ತಕ ಹಿಡಿದು ಕುಳಿತಿರುತ್ತಾನೆ. ಕೊಟ್ಟವರ ಹೆಸರು, ಊರು, ಮೊತ್ತ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಆ ಪುಸ್ತಕ ತೆರೆಯುತ್ತದೆ. ಭಾಷೆಯ ಒಂದು ವಿಚಿತ್ರವನ್ನು ಇಲ್ಲಿ ಹೇಳದೆ ಇರಲಾರೆ, ಹಳೆಯ ಚಟ. ಮುಯ್ಯಿ ಎಂದರೆ ಉಡುಗೊರೆ, ಮುಯ್ಯಿ ಎಂದರೆ ಸೇಡು ಕೂಡ. ಕೊಟ್ಟದ್ದು ಹಿಂದಕ್ಕೆ ಬರಬೇಕು ಎಂಬುದೊಂದೇ ಅದರ ತಿರುಳು. ಪ್ರೀತಿಯೋ ಹಗೆಯೋ ಎಂಬುದನ್ನು ಆ ಪದ ಕೇಳುವುದಿಲ್ಲ. ಹುಡುಗನ ಆಲೆಮನೆಯ ದೆವ್ವ ಬಯಸುತ್ತಿದ್ದುದೂ ಮುಯ್ಯಿಯನ್ನೇ.

ಅವನ ಯೋಜನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ಪುಟ. ಅಲ್ಲಿ 'ಅಮ್ಮನ ಒಡವೆ: 4 ಲಕ್ಷ' ಎಂದಿತ್ತು. ಅದರ ಕೆಳಗೆ, ಊರಿನವರಿಂದ ಎತ್ತುವ ಹಣಕ್ಕೆ 'ವರ್ಷಕ್ಕೆ ಒಂದೂವರೆಪಟ್ಟು ವಾಪಸ್ಸು' ಎಂದು ಬರೆದಿದ್ದ. ನಾನು ಕನ್ನಡಕ ತೆಗೆದಿಟ್ಟೆ. ಒಡವೆ ಬ್ಯಾಂಕಿಗೆ ಹೋಗಿ, ಚಿತ್ರ ತೆರೆಗೆ ಹೋಗದಿದ್ದರೆ ಆ ತಾಯಿಯ ಗತಿಯೇನು? ವಾಪಸ್ಸು ಕೊಡುವೆನೆಂಬ ಭರವಸೆಯ ಮೇಲೆ ಊರಿನಿಂದ ಠೇವಣಿ ಎತ್ತಿ ಓಡಿಹೋದವರನ್ನು ಮಂಡ್ಯ ಸಾಕಷ್ಟು ಕಂಡಿದೆ. ಅಂಥದ್ದನ್ನು ತಡೆಯಲೆಂದೇ 2019ರಲ್ಲಿ ಕೇಂದ್ರ ಸರ್ಕಾರ ಕಾಯಿದೆಯನ್ನೂ ತಂದಿದೆ. "ನೀನು ಓಡಿಹೋಗುವವನಲ್ಲ, ಬಲ್ಲೆ. ಆದರೆ ಈ ಸಾಲು ನಿನ್ನನ್ನು ಓಡಿಸುತ್ತದೆ" ಎಂದೆ. ಹುಡುಗನ ಮುಖ ಕೆಂಪಾಯಿತು. "ಹಂಗಾದ್ರೆ ಯಾರ್ ಕೊಡ್ತಾರೆ ಸಾರ್?" ಎಂದು ಕೇಳಿದ.

ಆಗ ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಅವನಿಗೆ ಹೇಳಿದೆ. ಹೇಳಿದ ಮೇಲೆ ನಿಮ್ಮೆದುರೂ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1984. ನಾನು ಹೊಸ ಅಧ್ಯಾಪಕ. ಒಳ್ಳೆಯ ಸಿನಿಮಾಗಳನ್ನು ಊರಿಗೆ ತರುವ ಹುಮ್ಮಸ್ಸು. ಒಂದು ಚಿತ್ರಸಮಾಜ ಕಟ್ಟುತ್ತೇವೆಂದು ಸಹೋದ್ಯೋಗಿಗಳಿಂದ, ವಿದ್ಯಾರ್ಥಿಗಳಿಂದ ಚಂದಾ ಎತ್ತಿದೆ. ನಮ್ಮ ಕಾಲೇಜಿನ ಅಟೆಂಡರು ಒಬ್ಬರು, ಸಿನಿಮಾ ಎಂದರೆ ಪ್ರಾಣ, 25 ರೂಪಾಯಿ ಕೊಟ್ಟರು. ಅವರ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಪ್ರೊಜೆಕ್ಟರಿನ ಬಾಡಿಗೆ ಕೊಟ್ಟಾಯಿತು, ಭಿತ್ತಿಪತ್ರ ಅಂಟಿಸಿಯಾಯಿತು. ಬರಬೇಕಾಗಿದ್ದ ಹದಿನಾರು ಮಿಲಿಮೀಟರಿನ ಪ್ರತಿ ಬರಲೇ ಇಲ್ಲ. ಹಣ ಕರಗಿತು. ನಾನು ಒಂದು ಪೈಸೆ ತಿಂದವನಲ್ಲ. ಆದರೆ ಇಷ್ಟು ಬಂತು, ಇಷ್ಟು ಹೋಯಿತು ಎಂದು ಒಂದು ಹಾಳೆ ಬರೆದು ನೋಟೀಸು ಬೋರ್ಡಿಗೆ ಹಾಕುವ ಧೈರ್ಯ ನನಗೆ ಬರಲಿಲ್ಲ. ನಾಳೆ ಹಾಕೋಣವೆಂದುಕೊಂಡೆ. ಅಟೆಂಡರು ದಿನವೂ ಹಾಜರಿ ಪುಸ್ತಕ ತಂದು ಮೇಜಿನ ಮೇಲಿಟ್ಟು, ನಕ್ಕು ಹೋಗುತ್ತಿದ್ದರು. ಒಮ್ಮೆಯೂ ಕೇಳಲಿಲ್ಲ. ನಿವೃತ್ತರಾದರು, ತೀರಿಕೊಂಡರು. ಲೆಕ್ಕ ಎಲ್ಲಿ ಎಂದು ಹುಡುಗನ ದೆವ್ವ ಕೇಳಿದಾಗ ನನಗೇಕೆ ಚಳಿಯಾಯಿತೆಂದು ಈಗ ತಿಳಿದಿರಬೇಕು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಆ ಪುಟಕ್ಕೆ ಅಡ್ಡಗೆರೆ ಎಳೆದ. ಮುಂದಿನ ಪುಟದಲ್ಲಿ ಮುಯ್ಯಿ ಎಂದು ತಲೆಬರಹ ಬರೆದು ಗೆರೆ ಹಾಕಿದ: ಹೆಸರು, ಊರು, ಮೊತ್ತ. ಹಿಂದಿರುಗುವುದು ಹಣವಲ್ಲ, ಪ್ರತಿ ತಿಂಗಳ ಲೆಕ್ಕ, ಪರದೆಯ ಮೇಲೆ ಹೆಸರು, ಮೊದಲ ಪ್ರದರ್ಶನಕ್ಕೆ ಕುರ್ಚಿ. ಇದನ್ನು ಕೊಡುವ ಮೊದಲೇ ಬಾಯಿಬಿಟ್ಟು ಹೇಳಬೇಕೆಂದು ನಿಶ್ಚಯವಾಯಿತು. ಒಡವೆಯ ಸಾಲನ್ನು ಹೊಡೆದುಹಾಕಿದ ಮೇಲೆ 18 ಲಕ್ಷದ ಚಿತ್ರ 7 ಲಕ್ಷಕ್ಕೆ ಇಳಿಯಿತು. ಬೆಂಗಳೂರಿನ ಒಂದು ದೃಶ್ಯ ಹೋಯಿತು, ಹಾಡು ಹೋಯಿತು, ಮಳೆ ಹೋಯಿತು. ಆಲೆಮನೆ, ಒಲೆ, ದನಿ ಉಳಿದವು. ನನಗೇನೋ ಕಥೆ ಇದರಿಂದ ಚೊಕ್ಕವಾಯಿತೆಂದೇ ಅನ್ನಿಸಿತು. ಅವನಿಗೆ ಮಳೆಯ ದುಃಖ ಇನ್ನೂ ಇದೆ. ಮೊದಲು ಹತ್ತು ನಿಮಿಷದ ತುಣುಕೊಂದನ್ನು ತೆಗೆದು ಜನಕ್ಕೆ ತೋರಿಸು ಎಂದೆ. 'ದಿ ಈವಿಲ್ ಡೆಡ್' ಮಾಡಿದ ಸ್ಯಾಮ್ ರೈಮಿ ಹೀಗೆಯೇ ಕಿರುಚಿತ್ರವೊಂದನ್ನು ತೋರಿಸಿ ವೈದ್ಯರಿಂದ, ವಕೀಲರಿಂದ ಹಣ ಎತ್ತಿದವನೆಂದು ಅವನೇ ನನಗೆ ಪಾಠ ಹೇಳಿದ್ದ.

ಆ ತುಣುಕನ್ನು ಯುಗಾದಿಯ ಮರುದಿನ ನಮ್ಮ ಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದ. ನಲವತ್ತು ಜನ ಸೇರಿದ್ದರು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಮನೆಯ ಅಜ್ಜಿ ದೀಪ ಹಾಕು ಮಗ ಎಂದರು. ಆ ರಾತ್ರಿ 63,000 ರೂಪಾಯಿ ಬರೆಸಿದರು. ಇದುವರೆಗೆ ಕೂಡಿರುವುದು 3 ಲಕ್ಷ 12 ಸಾವಿರ. ಹನ್ನೊಂದು ರಾತ್ರಿಗಳ ಚಿತ್ರೀಕರಣವಾಗಿದೆ, ಈಗ ನಿಂತಿದೆ. ಪ್ರತಿ ತಿಂಗಳ ಮೊದಲ ವಾರ ಲೆಕ್ಕದ ಹಾಳೆ ತಪ್ಪದೆ ಬರುತ್ತಿದೆ, ನಿಂತ ತಿಂಗಳಲ್ಲೂ.

ನಾನು ಬರೆಸುವ ಸರದಿ ಬಂದಾಗ ಎರಡು ಸಾಲು ಕೇಳಿದೆ. ಒಂದು ನನ್ನ ಹೆಸರಿಗೆ, ಅದರ ಮೊತ್ತ ಇಲ್ಲಿ ಬೇಡ. ಇನ್ನೊಂದು ಆ ಅಟೆಂಡರ ಹೆಸರಿಗೆ, 25 ರೂಪಾಯಿ. ಹುಡುಗ ಬರೆದುಕೊಂಡು ತಲೆಯೆತ್ತಿ, "ಇವರ ಹೆಸರೂ ಪರದೆ ಮೇಲೆ ಬರಬೇಕಾ ಸಾರ್?" ಎಂದ.

"ಮೊದಲು ಅವರದ್ದು ಹಾಕು" ಎಂದೆ.