ಹೀರೆಯ ನಾರು: ತೊಳೆಯುವುದನ್ನು ತೊಳೆದಿಡುವ ಬಗೆ

(ಬೇಡಕಿಹಾಳದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಪರಿಸರದ ಮಾತು ಬಂದಾಗ ಅಣೆಕಟ್ಟು, ಗಣಿ, ಕಾಡಿನ ನಾಶ ಮೊದಲಾದ ದೊಡ್ಡ ಸಂಗತಿಗಳೇ ಕಣ್ಣ ಮುಂದೆ ನಿಲ್ಲುತ್ತವೆ. ಇಂದಿನ ವಿಷಯ ಅಂಗೈಯಷ್ಟು ಚಿಕ್ಕದು: ಭಾಂಡೆ ತಿಕ್ಕುವ, ಮೈ ತಿಕ್ಕುವ ನಾರು. ಆದರೆ ಇದು ಪ್ರತಿ ಮನೆಯಲ್ಲಿಯೂ ಇದೆ, ದಿನಕ್ಕೆ ಎರಡು ಮೂರು ಬಾರಿ ಬಳಕೆಯಾಗುತ್ತದೆ, ಸವೆದುಹೋದ ಅದರ ಅಂಶವೆಲ್ಲ ಬಚ್ಚಲ ನೀರಿನೊಡನೆ ಹರಿದುಹೋಗುತ್ತದೆ. ಹಾಗೆ ಹರಿದದ್ದು ಎಲ್ಲಿ ಸೇರುತ್ತದೆ ಎಂಬುದೇ ಮೊದಲ ಪ್ರಶ್ನೆ.

ಬೇಡಕಿಹಾಳ ದೂಧಗಂಗೆಯ ಕಣಿವೆಯ ಊರು. ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿ ಕಾಳಮ್ಮವಾಡಿಯ ಅಣೆಕಟ್ಟನ್ನು ದಾಟಿ, ವೇದಗಂಗೆಯನ್ನು ಕೂಡಿಕೊಂಡು, ನಿಪ್ಪಾಣಿ–ಚಿಕ್ಕೋಡಿ ಸೀಮೆಯ ಕಬ್ಬು, ತಂಬಾಕು, ಸೋಯಾ ಅವರೆಯ ಹೊಲಗಳ ನಡುವೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಬೆಟ್ಟದ ಮನೆಯ ಬಚ್ಚಲಿಗೂ ಬಯಲಿನ ಬಾವಿಗೂ ಈ ನೀರೇ ನಂಟು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಗಳು ಕೃಷ್ಣಾ ಕಣಿವೆಗೆ ಈ ನಂಟನ್ನು ಕಠೋರವಾಗಿಯೇ ನೆನಪಿಸಿದವು. ಮೇಲಿನವರು ಬಿಟ್ಟದ್ದು ಕೆಳಗಿನವರ ಹೊಲಕ್ಕೆ ಬರುತ್ತದೆ. ಕೆಳಗಿನವರು ಬಿಟ್ಟದ್ದು ಅವರಿಗಿಂತ ಕೆಳಗಿನವರಿಗೆ.

ಪ್ಲಾಸ್ಟಿಕ್ಕಿನ ಸ್ಪಂಜು

ಅಂಗಡಿಯಲ್ಲಿ ದೊರೆಯುವ ಹಳದಿ ಸ್ಪಂಜು ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಅದರ ಬೆನ್ನಿಗಂಟಿದ ಹಸಿರು ಪದರ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳಿಗೆ ಗಟ್ಟಿ ಕಣಗಳನ್ನು ಅಂಟಿನಿಂದ ಕೂಡಿಸಿ ಮಾಡಿದ್ದು. ತಿಕ್ಕಿದಷ್ಟೂ ಇವು ಸವೆಯುತ್ತವೆ. ಸವೆದ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಕಲೆ ತೆಗೆಯಲು ಬಳಸುವ ಬಿಳಿಯ ಮೆಲಮೈನ್ ಸ್ಪಂಜು ಒಂದು ಗ್ರಾಂನಷ್ಟು ಸವೆದರೆ ಸುಮಾರು 65 ಲಕ್ಷ ಸೂಕ್ಷ್ಮ ಎಳೆಗಳು ಹೊರಬೀಳುತ್ತವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ.

ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಜಾರಿಗೆ ಬಂದಿತು. ತಟ್ಟೆ, ಲೋಟ, ಚಮಚ, ಸ್ಟ್ರಾ ಮೊದಲಾದವು ಆ ಪಟ್ಟಿಯಲ್ಲಿದ್ದವು. ಪಾತ್ರೆ ತಿಕ್ಕುವ ಸ್ಪಂಜು ಇರಲಿಲ್ಲ. ಆದ್ದರಿಂದ ಇಲ್ಲಿ ಬದಲಾವಣೆ ಬರಬೇಕಾದುದು ಕಾನೂನಿನಿಂದಲ್ಲ, ಮನೆಯಿಂದ.

ಹಳ್ಳಿಗಳಲ್ಲಿ ಇನ್ನೊಂದು ಅಪಾಯವೂ ಇದೆ. ಹಳೆಯ ಸ್ಪಂಜನ್ನು ಹಂಡೆಯ ಒಲೆಗೆ ಎಸೆಯುವ ರೂಢಿ ಅನೇಕ ಮನೆಗಳಲ್ಲಿದೆ. ಪಾಲಿಯುರೆಥೇನ್, ನೈಲಾನ್, ಮೆಲಮೈನ್ ಈ ಮೂರರಲ್ಲಿಯೂ ಸಾರಜನಕವಿದೆ. ಗಾಳಿ ಸಾಲದ ಒಲೆಯಲ್ಲಿ ಇವು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಒಲೆಯ ಮುಂದೆ ಕುಳಿತ ತಾಯಿಯೂ ಸ್ನಾನಕ್ಕೆ ಕಾದು ನಿಂತ ಮಗುವೂ ಅದೇ ಹೊಗೆಯನ್ನು ಉಸಿರಾಡುತ್ತಾರೆ. ಸ್ಪಂಜನ್ನು ಸುಡಬಾರದು ಎಂಬ ಒಂದೇ ಮಾತು ಈ ಸಭೆಯಿಂದ ಮನೆಗೆ ಹೋದರೂ ಸಾಕು.

ಬೇಲಿಯ ಮೇಲಿನ ಸ್ಪಂಜು

ನಿಜವಾದ ಸ್ಪಂಜು ಸಮುದ್ರದ ತಳದಲ್ಲಿ ಬದುಕುವ ಒಂದು ಪ್ರಾಣಿ. ಗ್ರೀಸ್ ದೇಶದ ಕಾಲಿಮ್ನೋಸ್ ದ್ವೀಪದವರು ತಲೆಮಾರುಗಳ ಕಾಲ ಅದನ್ನು ಮುಳುಗಿ ತೆಗೆದು ಮಾರಿ ಬದುಕಿದರು. ಒಳನಾಡಿನವರಿಗೆ ಅದರ ಅಗತ್ಯವಿಲ್ಲ. ಇಲ್ಲಿನ ಸ್ಪಂಜು ಬೇಲಿಯ ಮೇಲೆ ಬೆಳೆಯುತ್ತದೆ. ಕನ್ನಡದಲ್ಲಿ ಅದು ತುಪ್ಪದ ಹೀರೆ; ಗಡಿಯ ಮರಾಠಿ ಮನೆಗಳಲ್ಲಿ ಘೋಸಾಳೆ. ಏಣುಗಳುಳ್ಳ ಸಾಮಾನ್ಯ ಹೀರೆ, ಅಂದರೆ ದೋಡಕೆ, ಇದರ ಸೋದರ ಸಸ್ಯ. ಎರಡರಲ್ಲಿಯೂ ನಾರು ಬರುತ್ತದೆ. ತಿಕ್ಕಲು ಹೆಚ್ಚು ಅನುಕೂಲವಾದದ್ದು ನುಣುಪು ಸಿಪ್ಪೆಯ ತುಪ್ಪದ ಹೀರೆ.

ಎಳೆಯದಿದ್ದಾಗ ಪಲ್ಯವಾಗುವ ಕಾಯಿ ಬಲಿತಂತೆ ಒಳಗೆ ನಾರಿನ ಬಲೆ ಹೆಣೆದುಕೊಳ್ಳುತ್ತದೆ. ಈ ನಾರಿನ ಅರ್ಧಕ್ಕಿಂತ ಹೆಚ್ಚಿನ ಭಾಗ ಸೆಲ್ಯುಲೋಸ್. ಉಳಿದದ್ದು ಬಹುಪಾಲು ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಅಂದರೆ ಕಟ್ಟಿಗೆಯಲ್ಲಿರುವ ಪದಾರ್ಥಗಳೇ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜಪಾನಿನಿಂದ ಅಮೆರಿಕಕ್ಕೆ ಹೋಗುತ್ತಿದ್ದ ಹೀರೆನಾರು ಹಡಗಿನ ಯಂತ್ರಗಳಲ್ಲಿ ಶೋಧಕವಾಗಿ ಬಳಕೆಯಾಗುತ್ತಿತ್ತು. ಹಡಗಿನ ಯಂತ್ರಕ್ಕೆ ತಾಳಿದ ನಾರು ಅಡುಗೆಮನೆಯ ಪಾತ್ರೆಗೆ ತಾಳದಿರುವುದಿಲ್ಲ.

ಬೆಳೆಯುವ ಕ್ರಮ ಸರಳ. ಮುಂಗಾರಿನ ಮೊದಲ ಮಳೆಗೆ ಬೇಲಿಯ ಬದಿಯಲ್ಲಿ ಗುಂಡಿ ತೆಗೆದು, ಕಳಿತ ಸಗಣಿ ಗೊಬ್ಬರ ಹಾಕಿ, ಎರಡು ಮೂರು ಬೀಜ ಊರಬೇಕು. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದು ಒಳ್ಳೆಯದು. ನೆಲಕ್ಕೆ ತಾಗಿದ ಕಾಯಿಯ ನಾರು ಕಪ್ಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿರುವುದರಿಂದ ಕಾಯಿ ಕಚ್ಚಲು ಜೇನು ಬೇಕೇ ಬೇಕು. ತುಪ್ಪದ ಹೀರೆಯ ಹೂ ಬೆಳಿಗ್ಗೆ ಅರಳುತ್ತದೆ. ಆ ಹೊತ್ತಿನಲ್ಲಿ ವಿಷ ಸಿಂಪಡಿಸಿದರೆ ಜೇನೂ ಇಲ್ಲ, ಕಾಯಿಯೂ ಇಲ್ಲ. ಹಣ್ಣಿನ ನೊಣ ಕಚ್ಚಿ ಉದುರಿದ ಕಾಯಿಗಳನ್ನು ಆರಿಸಿ ಆಳವಾಗಿ ಹೂಳಬೇಕು. ಬಲಿಯಲು ಬಿಟ್ಟ ಕಾಯಿಗೆ ಎಳೆಯದರಲ್ಲಿಯೇ ಕಾಗದದ ಚೀಲ ಕಟ್ಟಿದರೂ ನೊಣದಿಂದ ರಕ್ಷಣೆ ದೊರೆಯುತ್ತದೆ.

ಎಲ್ಲ ಕಾಯಿಯನ್ನೂ ಪಲ್ಯಕ್ಕೆ ಕೊಯ್ಯದೆ, ಮೊದಲು ಕಚ್ಚಿದ ನಾಲ್ಕೈದು ಒಳ್ಳೆಯ ಕಾಯಿಗಳನ್ನು ಬಳ್ಳಿಯಲ್ಲೇ ಬಲಿಯಲು ಬಿಡಬೇಕು. ಸಿಪ್ಪೆ ಕಂದಾಗಿ, ಕಾಯಿ ಹಗುರಾಗಿ, ಅಲುಗಿಸಿದರೆ ಬೀಜ ಗಿಲಿಗಿಲಿ ಎಂದಾಗ ಅದು ಸಿದ್ಧ. ತುದಿಯ ಮುಚ್ಚಳ ತೆಗೆದು ಬೀಜ ಉದುರಿಸಿಕೊಂಡು, ನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದು, ಲೋಳೆ ಹೋಗುವವರೆಗೆ ತೊಳೆದು ಬಿಸಿಲಿಗೆ ಹಾಕಬೇಕು. ಒಂದು ಕಾಯಿಯಿಂದ ಮೂರು ನಾಲ್ಕು ತುಂಡು ನಾರು, ಜೊತೆಗೆ ಮುಂದಿನ ವರ್ಷದ ಬೀಜ. ಕಹಿ ಕಾಯಿ ಬಿಡುವ ಬಳ್ಳಿಯ ಬೀಜವನ್ನು ಇಡಬಾರದು, ಆ ಕಾಯಿಯನ್ನು ತಿನ್ನಲೂಬಾರದು. ಅದರ ಕಹಿ ಪದಾರ್ಥದಿಂದ ವಾಂತಿ ಭೇದಿಯಾಗುತ್ತದೆ.

ಸಹಜವಾದದ್ದೆಲ್ಲ ಶುಚಿಯಲ್ಲ

ಇಲ್ಲಿಯವರೆಗಿನ ಮಾತು ಎಲ್ಲರಿಗೂ ಹಿತ. ಆದರೆ ಹೀರೆನಾರು ತಂದ ಅನೇಕ ಮನೆಗಳು ತಿಂಗಳೊಳಗೆ ಅದು ನಾರುತ್ತದೆ, ಕಪ್ಪಾಗುತ್ತದೆ ಎಂದು ಬಿಟ್ಟು ಮತ್ತೆ ಹಳದಿ ಸ್ಪಂಜಿಗೆ ಮರಳುತ್ತವೆ. ತಪ್ಪು ನಾರಿನದಲ್ಲ, ಅದನ್ನು ಇಡುವ ಕ್ರಮದ್ದು. ಸೆಲ್ಯುಲೋಸ್ ಮಣ್ಣಿನಲ್ಲಿ ಕೊಳೆಯುತ್ತದೆಂಬುದೇ ಅದರ ಹಿರಿಮೆ. ಆದರೆ ಒದ್ದೆಯಾಗಿಯೇ ಇಟ್ಟರೆ ಅದು ಬಚ್ಚಲಲ್ಲಿಯೂ ಕೊಳೆಯುತ್ತದೆ. ಅಣಬೆಗೂ ಬ್ಯಾಕ್ಟೀರಿಯಕ್ಕೂ ಬೇಕಾದದ್ದು ಮೂರೇ: ತೇವ, ಆಹಾರ, ಬೆಚ್ಚಗಿನ ಜಾಗ. ಅನ್ನದ ಅಗುಳು ಸಿಕ್ಕಿಕೊಂಡ, ನೀರು ನಿಂತ ತಟ್ಟೆಯಲ್ಲಿ ಬಿದ್ದ ನಾರಿನಲ್ಲಿ ಮೂರೂ ಇವೆ.

ಒದ್ದೆ ಹೀರೆನಾರಿನಲ್ಲಿ ಚರ್ಮರೋಗ ತರಬಲ್ಲ ಬ್ಯಾಕ್ಟೀರಿಯಗಳು ಸಮೃದ್ಧವಾಗಿ ಬೆಳೆಯುತ್ತವೆಂದು ಅಮೆರಿಕದ ಸೂಕ್ಷ್ಮಜೀವಿ ತಜ್ಞರು 1994ರಲ್ಲಿಯೇ ತೋರಿಸಿದರು. ಹಾಗೆಂದು ಪ್ಲಾಸ್ಟಿಕ್ ಸ್ಪಂಜು ಶುಚಿಯೆಂದು ತಿಳಿಯಬಾರದು. ಜರ್ಮನಿಯ ಸಂಶೋಧಕರು ಬಳಸಿದ 14 ಅಡುಗೆಮನೆ ಸ್ಪಂಜುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಲವೆಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಗಳಿದ್ದವು. ಆಗಾಗ ಶುದ್ಧಿಗೊಳಿಸುತ್ತಿದ್ದೇವೆ ಎಂದ ಮನೆಗಳ ಸ್ಪಂಜುಗಳಲ್ಲಿಯೂ ಅವು ಕಡಿಮೆಯಿರಲಿಲ್ಲ. ಇದರಿಂದ ದೊರೆಯುವ ಪಾಠ ಸ್ಪಷ್ಟ: ಹಳೆಯದನ್ನು ಮತ್ತೆ ಮತ್ತೆ ಕುದಿಸಿ ವರ್ಷವಿಡೀ ನಡೆಸುವುದಕ್ಕಿಂತ ಬೇಗ ಬದಲಿಸುವುದು ಮೇಲು. ಬೇಲಿಯಲ್ಲಿ ಬೆಳೆದ ನಾರಿಗೆ ಬದಲಿಸುವ ಖರ್ಚಿಲ್ಲ. ಬದಲಿಸಿದ್ದರಿಂದ ಕಸವೂ ಹೆಚ್ಚುವುದಿಲ್ಲ.

ನಿತ್ಯದ ಕ್ರಮ

ಬಳಸಿದ ಕೂಡಲೇ ನಾರನ್ನು ಹರಿಯುವ ನೀರಿನಲ್ಲಿ ಹಿಂಡಿ ಹಿಂಡಿ ತೊಳೆದು, ಒಳಗೆ ಸಿಕ್ಕಿದ ಅಗುಳು, ಜಿಡ್ಡು ತೆಗೆಯಬೇಕು. ಚೆನ್ನಾಗಿ ಹಿಂಡಿ, ದಾರ ಪೋಣಿಸಿ, ಗಾಳಿ ಬಿಸಿಲು ತಾಗುವಲ್ಲಿ ತೂಗುಹಾಕಬೇಕು. ನೆಲದ ಮೇಲೆ, ಸಾಬೂನಿನ ಡಬ್ಬಿಯಲ್ಲಿ, ತೊಟ್ಟಿಯ ಮೂಲೆಯಲ್ಲಿ ಇಡಬಾರದು. ಎರಡು ತುಂಡು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಪ್ರತಿಯೊಂದಕ್ಕೂ ಪೂರ್ತಿ ಒಣಗಲು ಕಾಲ ಸಿಗುತ್ತದೆ. ಇಡೀ ಆರೈಕೆಯ ತಿರುಳು ಈ ಒಣಗಿಸುವಿಕೆಯೇ.

ವಾರಕ್ಕೊಮ್ಮೆ ನಾರನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಬೇಕು. ಜಿಡ್ಡು ಹಿಡಿದಿದ್ದರೆ ಕುದಿಸುವ ಮೊದಲು ಬಿಸಿನೀರು ಹಾಗೂ ಸೀಗೆ ಅಥವಾ ಅಂಟುವಾಳದ ನೊರೆಯಲ್ಲಿ ಅದ್ದಿ ಹಿಂಡಬೇಕು. ಬ್ಲೀಚಿಂಗ್ ದ್ರಾವಣ, ತೀಕ್ಷ್ಣ ಸೋಡಾ ಇವುಗಳಲ್ಲಿ ಬಹಳ ಹೊತ್ತು ನೆನೆಸಿದರೆ ಲಿಗ್ನಿನ್ ಕರಗಿ ನಾರು ಜಾಳುಜಾಳಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್ ಮೀನುಗಳಿಗೆ ವಿಷ. ಆ ನೀರನ್ನು ಹಳ್ಳಕ್ಕೆ ಬಿಡದೆ ಬಾಳೆ, ತೆಂಗಿನ ಬುಡಕ್ಕೆ ಹಾಕಬೇಕು. ಬೂದಿಯ ಕ್ಷಾರ ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುತ್ತದೆ, ಹುಣಿಸೆಯ ಹುಳಿ ಹಿತ್ತಾಳೆ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಆದರೆ ಅಲ್ಯುಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುವುದರಿಂದ ಅದಕ್ಕೆ ಬೂದಿ ತಾಗಿಸದಿರುವುದು ಒಳಿತು. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿಯನ್ನಂತೂ ಯಾವ ಪಾತ್ರೆಗೂ ಬಳಸಬಾರದು.

ಅಡುಗೆಯ ಪಾತ್ರೆಗೆ, ಮಾಂಸ ಮೀನು ತೊಳೆದ ಪಾತ್ರೆಗೆ, ಮೈಗೆ, ಶೌಚಾಲಯಕ್ಕೆ ಬೇರೆ ಬೇರೆ ನಾರು ಇರಬೇಕು. ಬಣ್ಣದ ದಾರ ಕಟ್ಟಿದರೆ ಗುರುತು ತಪ್ಪುವುದಿಲ್ಲ. ಮೈ ತಿಕ್ಕುವ ನಾರು ಒಬ್ಬರಿಗೆ ಒಂದು. ಹುಳುಕಡ್ಡಿಯಂಥ ಚರ್ಮರೋಗಗಳು ಹಂಚಿಕೊಂಡ ನಾರಿನಿಂದ ಹರಡುತ್ತವೆ. ಗಾಯ, ಕುರು ಇರುವಲ್ಲಿ, ಆಗತಾನೇ ಕ್ಷೌರ ಮಾಡಿಕೊಂಡ ಚರ್ಮದ ಮೇಲೆ ನಾರು ತಾಗಿಸಬಾರದು. ಹಸುಗೂಸುಗಳಿಗೆ ಮೆತ್ತನೆಯ ಹತ್ತಿ ಬಟ್ಟೆಯೇ ಸಾಕು.

ಅಡುಗೆಮನೆಯ ನಾರನ್ನು ಮೂರು ನಾಲ್ಕು ವಾರಕ್ಕೆ, ಮೈ ತಿಕ್ಕುವುದನ್ನು ಒಂದೂವರೆ ತಿಂಗಳೊಳಗೆ ಬದಲಿಸಬೇಕು. ವಾಸನೆ, ಕಪ್ಪು ಚುಕ್ಕೆ, ಲೋಳೆ ಇವುಗಳಲ್ಲಿ ಒಂದು ಕಂಡರೂ ದಿನ ಎಣಿಸುತ್ತ ಕೂಡದೆ ಅಂದೇ ತೆಗೆಯಬೇಕು.

ಮಳೆಗಾಲದ ಮಾತು

ಬೇಡಕಿಹಾಳದ ಬಯಲಿನಲ್ಲಿ ಬಿಸಿಲಿಗೆ ಬರವಿಲ್ಲ. ಬೆಟ್ಟದ ಸೀಮೆಯ ಸ್ಥಿತಿ ಬೇರೆ. ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಸೂರ್ಯನ ದರ್ಶನವಿಲ್ಲದಾಗ ನಾರು ಒಣಗುವುದೆಂತು? ಅಲ್ಲಿ ಒಲೆಯ ಮೇಲಿನ ಶಾಖವೇ ಬಿಸಿಲು. ಕಿಡಿ ತಾಗದಷ್ಟು ಎತ್ತರದಲ್ಲಿ ಹಗ್ಗ ಕಟ್ಟಿ ನಾರನ್ನು ತೂಗುಹಾಕಬೇಕು. ದಪ್ಪ ತುಂಡಿಗಿಂತ ಸೀಳಿ ಚಪ್ಪಟೆ ಮಾಡಿದ ತೆಳು ತುಂಡು ಬೇಗ ಒಣಗುತ್ತದೆ. ಆ ಎರಡು ತಿಂಗಳ ಮಟ್ಟಿಗೆ ಪಾತ್ರೆಗೆ ತೆಂಗಿನ ಸಿಪ್ಪೆಯ ನಾರನ್ನು ಬಳಸಿ ಎರಡು ಮೂರು ದಿನಕ್ಕೆ ಬಿಸಾಡುವುದೂ ಒಳ್ಳೆಯ ಉಪಾಯವೇ. ಸಂಗ್ರಹಿಸಿದ ಹೊಸ ನಾರನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಅಟ್ಟದಲ್ಲಿ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಳಗೆ ಬೆವೆತು ಬೂಸಲು ಹಿಡಿಯುತ್ತದೆ.

ಕೊನೆಗೆ ಹಳೆಯ ನಾರಿನ ಗತಿ. ಅದನ್ನು ತೊಳೆದು, ಕತ್ತರಿಸಿ ತಿಪ್ಪೆಗೆ ಸೇರಿಸಿದರೆ ಸಗಣಿ ಸೊಪ್ಪಿನೊಡನೆ ಕಳಿತು ಗೊಬ್ಬರವಾಗುತ್ತದೆ. ಆ ಗೊಬ್ಬರವೇ ಮುಂದಿನ ಮುಂಗಾರಿನಲ್ಲಿ ಹೀರೆಯ ಗುಂಡಿಗೆ ಬೀಳುತ್ತದೆ. ಹಳದಿ ಸ್ಪಂಜಿಗೆ ಇಂಥ ಮರುಹುಟ್ಟು ಇಲ್ಲ.

ಶಾಲೆಗೊಂದು ಕೆಲಸ

ವಿದ್ಯಾರ್ಥಿಗಳು ಮಾಡಬಹುದಾದ ಸರಳ ಪ್ರಯೋಗವೊಂದಿದೆ. ಒಂದೇ ಕಾಯಿಯ ನಾರಿನ ಎರಡು ತುಂಡು ಮತ್ತು ಒಂದು ಪ್ಲಾಸ್ಟಿಕ್ ಸ್ಪಂಜು ತೆಗೆದುಕೊಳ್ಳಬೇಕು. ನಾರಿನ ಒಂದು ತುಂಡನ್ನೂ ಸ್ಪಂಜನ್ನೂ ಶಾಲೆಯ ತೋಟದ ಮಣ್ಣಿನಲ್ಲಿ ಹೂಳಿ, ಇನ್ನೊಂದು ತುಂಡನ್ನು ಒಣ ಜಾಗದಲ್ಲಿ ತೂಗುಹಾಕಬೇಕು. ತಿಂಗಳಿಗೊಮ್ಮೆ ಮೂರನ್ನೂ ನೋಡಿ ಬರೆದಿಡಬೇಕು. ಕೊಳೆಯುವುದು ಮತ್ತು ಉಳಿಯುವುದು ಎಂದರೇನೆಂದು ಯಾವ ಪಾಠಕ್ಕಿಂತಲೂ ಚೆನ್ನಾಗಿ ಆ ಪುಸ್ತಕವೇ ಹೇಳುತ್ತದೆ. ಜೊತೆಗೆ ಪ್ರತಿ ವಿದ್ಯಾರ್ಥಿಯೂ ಅಜ್ಜಿಯನ್ನು ಕೇಳಿ ತುಪ್ಪದ ಹೀರೆಯ ಹತ್ತು ಬೀಜ ತಂದರೆ ಶಾಲೆಯಲ್ಲೊಂದು ಬೀಜದ ಡಬ್ಬಿ ತುಂಬುತ್ತದೆ. ಬಲಿಯುವ ಮೊದಲೇ ಎಲ್ಲ ಕಾಯಿಯೂ ಸಂತೆಗೆ ಹೋಗುವ ಈ ಕಾಲದಲ್ಲಿ ಮನೆಯ ಬೀಜ ಕಣ್ಮರೆಯಾಗುವುದು ಸುಲಭ, ಮತ್ತೆ ಹುಡುಕುವುದು ಕಷ್ಟ.

ಹೀರೆಯ ನಾರೊಂದರಿಂದ ದೂಧಗಂಗೆ ಶುದ್ಧವಾಗಿಬಿಡುವುದಿಲ್ಲ. ಕಾರ್ಖಾನೆ, ಪಟ್ಟಣ, ಹೊಲದ ರಸಾಯನ ಇವುಗಳ ಪ್ರಶ್ನೆ ಹಾಗೆಯೇ ಉಳಿದಿದೆ. ಅದನ್ನು ಗ್ರಾಮಸಭೆಗಳಲ್ಲಿ ಕೇಳುತ್ತಲೇ ಇರಬೇಕು. ಆದರೆ ಅದನ್ನು ಕೇಳುವವರ ಮನೆಯ ಬಚ್ಚಲ ನೀರು ಮೊದಲು ತಿಳಿಯಾಗಿದ್ದರೆ ಕೇಳುವ ದನಿಗೆ ಬಲ ಬರುತ್ತದೆ. ಬರುವ ಮುಂಗಾರಿಗೆ ಮನೆಗೊಂದು ಹೀರೆಯ ಬಳ್ಳಿ ಏಳಲಿ.